ತಂಗಿಯ ಅಳತೆ

ಎಡಕ್ಕೂ ಬಲಕ್ಕೂ ಒಂದೇ ಅಳತೆ, ಟೇಪನ್ನು ಎರಡನೇ ಸಲ ಸುತ್ತಿದರೂ ಅಷ್ಟೇ, ಕೂದಲೆಳೆಯ ವ್ಯತ್ಯಾಸವಿಲ್ಲ, ತಂಗಿಯ ಬಲಗಡೆಯ ಮೊಲೆ ಹೊಟ್ಟೆಯ ಕೊಬ್ಬಿನಿಂದ ಕಟ್ಟಿದ್ದೆಂದು ಯಾರು ಹೇಳಬೇಕು — ಅದೇ ಹೊಟ್ಟೆ, ಚಿಕ್ಕಂದಿನಲ್ಲಿ ಗುಡಾಣ ಗುಡಾಣ ಎಂದು ನಾನು ರೇಗಿಸಿ ಅಳಿಸುತ್ತಿದ್ದದ್ದು, ಕಷ್ಟಕಾಲಕ್ಕೆ ಒದಗಿಬಂತು, ನಾನೋ ಕಡ್ಡಿ, ಎಲ್ಲರೂ ಹೊಗಳಿದ ಸೊಂಟ, ಹೊಟ್ಟೇಲಿ ತೆಗೆಯೋಕೆ ಏನೂ ಇಲ್ವಲ್ಲಮ್ಮ ಎಂದರು ಸರ್ಜನ್, ನನ್ನ ಚರ್ಮವನ್ನು ಬಟ್ಟೆಯ ಹಾಗೆ ಚಿವುಟಿ ನೋಡಿ, ಸಿಲಿಕೋನ್ ಇಡಬಹುದು, ಆದ್ರೆ ರೇಡಿಯೇಶನ್ನಿಂದ ಚರ್ಮ ಬಿಗಿದಿದೆ, ಮುಂದೆ ನೋವು ಬರಬಹುದು, ಬೆನ್ನಿನ ಮಾಂಸ ತಂದು ಕೂರಿಸಬಹುದು, ಭುಜದ ಬಲ ಸ್ವಲ್ಪ ಕಮ್ಮಿಯಾದೀತು, ಕೆಲಸ ಏನು ಮಾಡ್ತೀರಿ — ಹೊಲಿಗೆ ಡಾಕ್ಟ್ರೇ — ಹಾಗಿದ್ರೆ ಯೋಚನೆ ಮಾಡಿ, ಏನೂ ಮಾಡಿಸದೆ ಇರೋದೂ ಒಂದು ದಾರೀನೇ, ಯೋಚಿಸಿ ಯೋಚಿಸಿ ನನ್ನದನ್ನು ತೆಗೆದ ಜಾಗಕ್ಕೆ ಹತ್ತಿ ತುಂಬಿದ ದಿಂಬೊಂದನ್ನು ನಾನೇ ಹೊಲಿದುಕೊಂಡೆ, ಕಂಡವರ ಮೈಗೆಲ್ಲ ಅಂಗಿ ಕೂರಿಸುವವಳು, ಬಗ್ಗಿದರೆ ನನ್ನದೇ ಕಂಕುಳಿಗೆ ಜಾರುತ್ತದೆ, ನನ್ನ ಯಜಮಾನರು ಒಳ್ಳೆಯವರು, ಆ ಕಡೆ ನೋಡುವುದೇ ಇಲ್ಲ — ನಮ್ಮನೆಯವ್ರು ಅಂತಾರೆ ಅಕ್ಕ, ಯಾವ ಕಡೆಯದು ಅಂತ ಮರೆತೇ ಹೋಗುತ್ತೆ ಅಂತ, ಹೇಳುತ್ತಾಳಲ್ಲ ತಂಗಿ, ನನ್ನೆದುರಿಗೆ, ನನ್ನದೇ ಕನ್ನಡಿಯಲ್ಲಿ ತಿರುಗಿ ತಿರುಗಿ ನೋಡಿಕೊಳ್ಳುತ್ತ, ಕೊಬ್ಬಿಲ್ಲದಿದ್ದರೇನು, ನನ್ನ ಹೊಟ್ಟೆಗೆ ಕಿಚ್ಚಿನ ಕೊರತೆಯಿಲ್ಲ.

ಅವಳಿಗೂ ಗಂಟು ಬಂತೆಂದಾಗ ತಬ್ಬಿಕೊಂಡು ಅತ್ತವಳು ನಾನೇ, ಅಮ್ಮನ ಕಡೆಯ ಕಾಯಿಲೆ ಇಬ್ಬರನ್ನೂ ಬಿಡಲಿಲ್ಲ ಎಂದು, ಆ ಅಳುವಿನ ಅಡಿಯಲ್ಲಿ ಇನ್ನೊಂದಿತ್ತು, ಇನ್ನು ನಾನೊಬ್ಬಳೇ ಅಲ್ಲ ಎಂಬ ತಂಪು, ಥೂ — ಆಸ್ಪತ್ರೆಯಿಂದಲೂ ಅವಳು ತುಂಬಿಕೊಂಡೇ ಬಂದಳು, ರವಿಕೆಯ ಕುತ್ತಿಗೆ ಇನ್ನೂ ಇಳಿಸು ಅಕ್ಕ, ಇಳಿಸುತ್ತೇನೆ, ಬಿಳಿ ಬಟ್ಟೆ, ಬಲಗಡೆ ಮಡಿಕೆ ಹಿಡಿದು ಪಿನ್ನು ಚುಚ್ಚುತ್ತೇನೆ, ಬಟ್ಟೆಯ ಆಚೆಗೂ ಹೋಯಿತು, ಕೈ ಜಾರಿತೋ ಜಾರಲು ಬಿಟ್ಟೆನೋ, ಅವಳು ಮಗಳ ಪರೀಕ್ಷೆಯ ಮಾತು ಆಡುತ್ತಲೇ ಇದ್ದಾಳೆ, ನೋವಾಯ್ತೇನೇ — ಏನು — ಪಿನ್ನು — ಎಲ್ಲಿ ಎಂದು ಎಡಗಡೆ ನೋಡಿಕೊಳ್ಳುತ್ತಾಳೆ, ಆಮೇಲೆ ದನಿ ಇಳಿಸಿ, ಬಲಗಡೆ ಏನೂ ತಿಳಿಯಲ್ಲ ಅಕ್ಕ, ಮಗಳು ತಲೆ ಇಟ್ಟು ಮಲಗಿದ್ರೂ ತಿಳಿಯಲ್ಲ, ಯಾರಿಗೂ ಹೇಳಿಲ್ಲ, ನಮ್ಮನೆಯವ್ರಿಗೂ, ಎಂದು ನಗಲು ನೋಡುತ್ತಾಳೆ, ಕೈಯಿಂದ ಮುಚ್ಚಬೇಕು, ಅವಳಿಗೆ ಕಾಣುವ ಮೊದಲು ಮುಚ್ಚಬೇಕು, ಬಿಳಿ ಬಟ್ಟೆಯ ಮೇಲೆ ಸಾಸಿವೆಯಷ್ಟು ಕೆಂಪು, ಈಗ ಕಾಳುಮೆಣಸಿನಷ್ಟು, ಮುಚ್ಚಬೇಕು, ಕೆಂಪು, ಕೈ ಏಳುತ್ತಿಲ್ಲ, ಕೆಂಪು ಚುಕ್ಕೆ