ಜೋಳದೊಳಗಿಂದ ಬರುವ ಓ

ಎಳ್ಳಮವಾಸ್ಯೆಗೆ ಶಾಲೆಗೆ ರಜೆಯೇನೂ ಇರುವುದಿಲ್ಲ. ಆದರೂ ಆ ದಿನ ಬಾಗಳಿಯ ಒಂದು ಮಗುವೂ ಶಾಲೆಯತ್ತ ಸುಳಿಯುವುದಿಲ್ಲ. ಮೇಷ್ಟ್ರೂ ಯಾರದಾದರೂ ಹೊಲದಲ್ಲಿ ಉಂಡು ಬರುತ್ತಾರೆ.

ಗಂಡ ಗುರುಶಾಂತ ತೀರಿಕೊಂಡ ವರ್ಷ ಸುಮಲತಾಳ ಮನೆಯವರು ಹೊಲಕ್ಕೆ ಚರಗ ಚೆಲ್ಲಿರಲಿಲ್ಲ. ಈ ಸಲ ಅತ್ತೆ ಪಂಪಮ್ಮ ಚಳಿಯಲ್ಲೇ ಎದ್ದು ಸಜ್ಜೆರೊಟ್ಟಿ ಬಡಿದು, ಶೇಂಗಾ ಹೋಳಿಗೆ, ಪುಂಡಿಪಲ್ಯ ಬುಟ್ಟಿಗೆ ತುಂಬಿದರು.

"ಭೂಮಿತಾಯಿನ್ನ ಎರಡ್ ವರ್ಷ ಉಪವಾಸ ಕೆಡವಬಾರ್ದವ್ವಾ."

"ಆಯ್ತು," ಎಂದಳು ಸುಮಲತಾ. ಆಯ್ತು, ಸಾಕು, ಬ್ಯಾಡ: ಈಚೆಗೆ ಅವಳ ಮಾತು ಇಷ್ಟೇ.

ಮಗಳು ಗೀತಾಂಜಲಿ ದಾರಿಯುದ್ದಕ್ಕೂ ಒಂದನ್ನೇ ಕೇಳುತ್ತಿದ್ದಳು. "ಹಿಂದ ಓ ಅನ್ನೋರು ಯಾರು?"

ಚರಗಕ್ಕೆ ಇಬ್ಬರು ಬೇಕು. ಮುಂದಿನವರು ಎಡೆಯ ತುತ್ತನ್ನು ಬೆಳೆಗೆ ಚೆಲ್ಲುತ್ತ ‘ಹುಲ್ಲುಲ್ಲಿಗ್ಯೋ’ ಎಂದು ಕೂಗಬೇಕು. ಹಿಂದಿನವರು ನೀರು ಚಿಮುಕಿಸುತ್ತ ‘ಚಳ್ಳಾಂಬರಿಗ್ಯೋ’ ಎಂದು ಓಗೊಡಬೇಕು. ಮಗಳು ಮಾತು ಕಲಿತಾಗಿನಿಂದ ಮುಂದಿನ ಕೂಗು ಅವಳದು, ಹಿಂದಿನದು ಅಪ್ಪನದು. ಗುರುಶಾಂತ ಕೂಡಲೇ ಓಗೊಡುತ್ತಿರಲಿಲ್ಲ. ಸದ್ದಿಲ್ಲದೆ ಜೋಳದೊಳಗೆ ನುಸುಳಿ ಕೂತುಬಿಡುತ್ತಿದ್ದ. ಮಗಳು ಕೂಗಿ, ಕಾದು, ತಿರುಗಿ ನೋಡಿ, ತುಟಿ ಸೊಟ್ಟ ಮಾಡಿಕೊಳ್ಳುವ ಹೊತ್ತಿಗೆ ಅವಳ ಕಾಲ ಬುಡದಿಂದಲೇ ಕೂಗು ಏಳುತ್ತಿತ್ತು. ಅವಳು ನಕ್ಕು ನಕ್ಕು ಬುಟ್ಟಿಯ ಅರ್ಧ ಒಂದೇ ಸಾಲಿಗೆ ಸುರಿದುಬಿಡುತ್ತಿದ್ದಳು. ಬದುವಿನ ಮೇಲೆ ಕೂತ ಸುಮಲತಾಳಿಗೆ ತೆನೆ ಅಲ್ಲಾಡುವುದರಿಂದ ಅವನಿರುವ ಜಾಗ ಗೊತ್ತಾಗುತ್ತಿತ್ತು. ಹೇಳುತ್ತಿರಲಿಲ್ಲ.

ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆಯಾಯಿತು. ಮೈದುನ ಹಂಪೇಶ್ ತಂಬಿಗೆ ಹಿಡಿದು ಮಗುವಿನ ಹಿಂದೆ ನಿಂತ.

"ಹುಲ್ಲುಲ್ಲಿಗ್ಯೋ."

"ಚಳ್ಳಾಂಬರಿಗ್ಯೋ," ಎಂದ ಹಂಪೇಶ್, ಹಾಜರಿ ಹೇಳಿದಂತೆ.

ಗೀತಾಂಜಲಿ ನಿಂತಳು. "ಹಂಗಲ್ಲ ಕಾಕಾ. ತಡ ಮಾಡ್ಬೇಕು. ಅಡಗ್ಬೇಕು."

"ಈ ಹೊಟ್ಟಿ ಹೊತ್ಕೊಂಡು ಎಲ್ಲಿ ಅಡಗ್ಲವ್ವಾ? ಆನಿ ಹೊಕ್ಕೈತಿ ಅಂತ ಊರವ್ರು ಬಡಿಗಿ ತರ್ತಾರ."

ಪಂಪಮ್ಮ ನಕ್ಕರು. ಮಗು ನಗಲಿಲ್ಲ. ಬುಟ್ಟಿಯನ್ನು ಕೆಳಗಿಟ್ಟಳು. "ಹಂಗಾರ ನಾ ಚೆಲ್ಲಂಗಿಲ್ಲ."

ಸುಮಲತಾ ಎದ್ದಳು. ಮೈದುನನ ಕೈಯಿಂದ ತಂಬಿಗೆ ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಜೋಳದೊಳಗೆ ಹೊಕ್ಕಳು. ಗರಿ ಮುಖಕ್ಕೆ ಗೀರಿತು. ಇಬ್ಬನಿ ಆರದ ಮಣ್ಣಿನ ಮೇಲೆ ಕುಕ್ಕರುಗಾಲಲ್ಲಿ ಕೂತಳು.

ಬಹಳ ಹೊತ್ತಾದ ಮೇಲೆ ಮಗಳ ಕೂಗು ಬಂತು.

ಸುಮಲತಾ ಬಾಯಿ ತೆರೆದಳು; ಬರೀ ಗಾಳಿ. ಇನ್ನೊಮ್ಮೆ ತೆರೆದಳು.

"ಚಳ್ಳಾಂಬರಿಗ್ಯೋ."

ಒಡಕು ದನಿ. ಬೆಳವಕ್ಕಿಯೊಂದು ಪಕ್ಕದ ಸಾಲಿನಿಂದ ಪುರ್ರನೆ ಹಾರಿತು. ಗರಿಗಳನ್ನು ಸರಿಸಿ ಗೀತಾಂಜಲಿ ಇಣುಕಿದಳು. ಬುಟ್ಟಿ ಮತ್ತೆ ಅವಳ ಸೊಂಟಕ್ಕೆ ಏರಿತ್ತು.

"ಯವ್ವಾ, ನೀ ಭಾಳ ಲಗೂನ ಅಂದಿ. ಅಪ್ಪ ಇನ್ನೂ ತಡ ಮಾಡ್ತಿದ್ದ. ಮತ್ತ ತೆನಿ ಅಲ್ಲಾಡ್ತಾವ, ಗೊತ್ತಾಗ್ತೈತಿ."

ಹೇಳಿ ಸಾಲು ದಾಟಿ ಓಡಿದಳು. ಸುಮಲತಾ ಬೇರೊಂದು ಸಾಲಿಗೆ ಸರಿದು, ಅಲ್ಲಾಡುತ್ತಿದ್ದ ದಂಟನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು.

ಕೂಗು ಬಂತು. ಅವಳು ಕಾದಳು.