ಬಿಗಿಯಾಗದ ನಟ್ಟುಗಳು

ಗಡಿಯಾರ ರಿಪೇರಿ ಮಾಡುವವನ ಕೈಗೆ ಬೈಕಿನ ಸ್ಪ್ಯಾನರ್ ಸಿಗಬಾರದು. ಸಿಕ್ಕರೆ ಏನಾಗುತ್ತದೆ ಎಂದು ಅವನ ಹೆಂಡತಿಯನ್ನೇ ಕೇಳಬೇಕು. ಹದಿನಾಲ್ಕು ವರ್ಷದಿಂದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳು, ಈ ಒಂದು ವರ್ಷದಲ್ಲಿ ರಸ್ತೆಯ ಮೇಲೆ ಬಗ್ಗಿ ಬಗ್ಗಿ ಹೆಕ್ಕಿದ ನಟ್ಟು ಬೋಲ್ಟುಗಳನ್ನೆಲ್ಲ ಒಂದು ಮಾತ್ರೆ ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ಡಬ್ಬಿ ತುಂಬಿತ್ತು. ಗಂಡನಿಗೆ ಬುದ್ಧಿ ಬಂದಿರಲಿಲ್ಲ.

ಆ ಬೈಕಿನ ಹಿಂದಿನ ಸೀಟಿನಲ್ಲಿ ಕೂರುವುದೂ ಅವಳಿಗೊಂದು ಡ್ಯೂಟಿಯೇ. ಎಡ ಮೊಣಕಾಲಿನಿಂದ ಸೈಡ್ ಪ್ಯಾನೆಲ್ ಒತ್ತಿ ಹಿಡಿಯಬೇಕು. ಬಲ ಹಿಮ್ಮಡಿಯಿಂದ ಸೈಲೆನ್ಸರಿನ ತಗಡನ್ನು ಮೆಟ್ಟಿಕೊಂಡಿರಬೇಕು. ಗುಂಡಿ ದಾಟಿದಾಗಲೆಲ್ಲ ಕೈ ಹಿಂದೆ ಚಾಚಿ, ನಂಬರ್ ಪ್ಲೇಟ್ ಇದೆಯೋ ಹೋಯಿತೋ ಎಂದು ತಡವಿ ನೋಡಬೇಕು. “ಮೆಕ್ಯಾನಿಕ್ ಹತ್ರ ಬಿಡ್ರೀ” ಎಂದರೆ ಹಾಡಿದ್ದೇ ಹಾಡು.

“ಸ್ಕ್ರೂ ತಿರುಗೋದು ಎಲ್ಲಿ ನಿಲ್ಲುತ್ತೋ ಅಲ್ಲಿ ಬೆರಳೂ ನಿಲ್ಲಬೇಕು ಕಣೆ. ಅದರ ಮೇಲೂ ತಿರುಗಿಸೋನು ಕತ್ತೆ. ಆ ಮೆಕ್ಯಾನಿಕ್ ದೊಡ್ಡ ಕತ್ತೆ.”

“ಹಾಗಾದ್ರೆ ನಾನೇ ಬಿಗಿ ಮಾಡ್ತೀನಿ, ಕೊಡಿ.”

“ನರ್ಸಮ್ಮ, ನೀನು ಇಂಜೆಕ್ಷನ್ ಚುಚ್ಚು. ಸ್ಪ್ಯಾನರ್ ನನಗೆ ಬಿಡು.”

ಕೈಗಡಿಯಾರಕ್ಕೆ ಸರಿಯಾದ ಮಾತೇ. ಕಲ್ಲುಮಣ್ಣಿನ ರಸ್ತೆಯಲ್ಲಿ ಗಡಗಡ ನಡುಗುವ ಬೈಕಿಗೆ ಆಗುತ್ತದೆಯೇ? ಆದರೆ ಅವನಿಗೆ ಹೇಳುವುದೂ ಒಂದೇ, ಗೋರ್ಕಲ್ಲ ಮೇಲೆ ಮಳೆ ಸುರಿಯುವುದೂ ಒಂದೇ.

ಇವತ್ತು ಅವಳ ಡ್ರೈವಿಂಗ್ ಟೆಸ್ಟ್. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸವನ್ನು ಆಸ್ಪತ್ರೆಯವರು ಅವಳಿಗೆ ಕೊಡಲು ಒಪ್ಪಿದ್ದರು. ರಾತ್ರಿ ಪಾಳಿಯ ಕಾಟ ತಪ್ಪುತ್ತಿತ್ತು. ಆದರೆ ಸೋಮವಾರದೊಳಗೆ ಲೈಸೆನ್ಸ್ ತೋರಿಸದಿದ್ದರೆ ಆ ಕೆಲಸ ಬೇರೆಯವಳ ಪಾಲು. ಇದಾಗಲೇ ಮೂರನೇ ಸಲ. ಮೊದಲ ಸಲ ಎಂಟು ಹಾಕುವಾಗ ಕನ್ನಡಿ ಬಿದ್ದಿತ್ತು. ಎರಡನೇ ಸಲ ನಂಬರ್ ಪ್ಲೇಟು. ಇನ್‌ಸ್ಪೆಕ್ಟರು ಅದನ್ನು ತಾವೇ ಎತ್ತಿ ಅವಳ ಕೈಗೆ ಕೊಟ್ಟು, “ಮೊದಲು ಗಾಡಿ ಪೂರ್ತಿಯಾಗಿ ತನ್ನಿ ತಾಯಿ, ಆಮೇಲೆ ಓಡಿಸೋದು ನೋಡೋಣ” ಎಂದಿದ್ದರು. ಸಾಲಿನಲ್ಲಿ ನಿಂತವರೆಲ್ಲ ನಕ್ಕಿದ್ದರು.

ಬೆಳಿಗ್ಗೆ ಅವನು ಒಂದು ಗಂಟೆ ಕೂತು ಎಲ್ಲವನ್ನೂ ಬಿಗಿ ಮಾಡಿದ್ದ. ಆಣೆ ಪ್ರಮಾಣವೂ ಆಗಿತ್ತು. ಹೊರಡುವ ಮುಂಚೆ ನೀರಿನ ಬಾಟಲಿಯನ್ನು ಅವಳತ್ತ ಚಾಚಿ, “ಮುಚ್ಚಳ ತೆಗಿ” ಎಂದ. ಹೆಂಡತಿ ಎದುರಿಗಿದ್ದರೆ ಗಂಡಸರಿಗೆ ಮುಚ್ಚಳ ತೆಗೆಯುವುದೂ ಭಾರ ಎಂದು ಗೊಣಗುತ್ತ ತೆಗೆದುಕೊಟ್ಟಳು.

ಟೆಸ್ಟಿನ ಮೈದಾನ ಮುಟ್ಟುವಷ್ಟರಲ್ಲಿ ಸೈಡ್ ಪ್ಯಾನೆಲ್ ಅವಳ ಮಡಿಲಲ್ಲಿತ್ತು. ಸಾಲಿನಲ್ಲಿ ಮುಂದೆ ನಾಲ್ವರಿದ್ದರು. ಅವಳು ಬೈಕಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ನಂಬರ್ ಪ್ಲೇಟಿನ ನಟ್ಟು ಮುಟ್ಟಿದಳು. ಬರೀ ಬೆರಳಿಗೆ ಅದು ಎರಡು ಸುತ್ತು ತಿರುಗಿತು. ಅವಳಿಗೆ ನಖಶಿಖಾಂತ ಉರಿದುಹೋಯಿತು.

“ನಾನು ಪಾಸಾಗೋದು ನಿಮಗೆ ಬೇಡ. ಅಷ್ಟೇ ತಾನೆ? ಬಾಯಿಬಿಟ್ಟು ಹೇಳಿ, ಮನೆಗೆ ಹೋಗೋಣ.”

“ಹಾಗಲ್ಲ ಕಣೆ...”

“ಹಾಗಲ್ಲದಿದ್ರೆ ನನ್ನ ಕಣ್ಣೆದುರಿಗೆ ಬಿಗಿ ಮಾಡಿ. ಕತ್ತೆ ಥರಾನೇ ಮಾಡಿ.”

ಅವನು ಕೂತು ಸ್ಪ್ಯಾನರ್ ಹಿಡಿದ. ತುಟಿ ಕಚ್ಚಿದ, ಕತ್ತಿನ ನರ ಉಬ್ಬಿತು, ಮುಖ ಕೆಂಪೇರಿತು. ಬೆರಳಿಗೆ ತಿರುಗಿ ನಿಂತಲ್ಲಿಂದ ಮುಂದೆ ನಟ್ಟು ಅಲುಗಲಿಲ್ಲ. ಸ್ಪ್ಯಾನರ್ ಜಾರಿ ಮಣ್ಣಿಗೆ ಬಿತ್ತು. ಅವನು ಎತ್ತಿಕೊಂಡ, ಮತ್ತೆ ಜಾರಿತು.

ಅವಳು ಅವನ ಕೈಯನ್ನೇ ನೋಡಿದಳು. ಹತ್ತು ವರ್ಷ ಒಂದು ಸ್ಕ್ರೂ ಕೂಡ ಬೀಳಿಸದೆ ಓಡಿದ ಗಾಡಿ ಇದು. ವಾರ್ಡಿನಲ್ಲಿ ದಿನಕ್ಕೆ ಇಪ್ಪತ್ತು ಜನರಿಗೆ ಮಾಡುವ ಹಾಗೆ ತನ್ನ ಎರಡು ಬೆರಳನ್ನು ಅವನ ಅಂಗೈಯಲ್ಲಿಟ್ಟಳು.

“ಹಿಂಡಿ.”

ಅವನು ಹಿಂಡಿದ.

“ಜೋರಾಗಿ.”

“ಇದೇ ಜೋರು.”

ಮಗು ಹಿಡಿದಷ್ಟೂ ಬಿಗಿ ಇರಲಿಲ್ಲ. ಅವಳ ಸಿಟ್ಟೇನೂ ಹೋಗಲಿಲ್ಲ. ಅದರ ಪಕ್ಕದಲ್ಲಿ ಭಯವೂ ಬಂದು ಕೂತಿತು. ಊರವರ ಕೈಯನ್ನೆಲ್ಲ ಹಿಡಿದು ನೋಡಿದವಳು ಈ ಒಂದು ಕೈಯನ್ನು ನೋಡಿರಲಿಲ್ಲ.

“ಎಷ್ಟು ದಿನದಿಂದ?”

“ಕನ್ನಡಿ ಬೀಳೋಕೆ ಮುಂಚಿನಿಂದ. ಅಂಗಡಿ ಕೆಲಸಕ್ಕೆ ಶಕ್ತಿ ಬೇಡ, ನಡೀತಾ ಇದೆ. ಮೆಕ್ಯಾನಿಕ್ ಹತ್ರ ಹೋದ್ರೆ, ಇಷ್ಟೂ ಬಿಗಿ ಮಾಡೋಕಾಗಲ್ವಾ ಅಂತಾನೆ. ಕೈಯಲ್ಲಿ ಬಲ ಇಲ್ಲದವನ ಹತ್ರ ಯಾರು ಗಡಿಯಾರ ಬಿಚ್ಚಿಸ್ತಾರೆ?”

“ಒಂದು ವರ್ಷ! ನನ್ನ ಹತ್ರಾನೂ ಹೇಳೋಕೆ ಏನಾಗಿತ್ತು ನಿಮಗೆ? ಮನೇಲಿರೋಳು ನರ್ಸಾ, ಕಲ್ಲುಕಂಬಾನಾ?”

ಅವಳು ಸ್ಪ್ಯಾನರ್ ಕಿತ್ತುಕೊಂಡಳು. ಪ್ಯಾನೆಲ್, ಕನ್ನಡಿ, ಸೈಲೆನ್ಸರಿನ ತಗಡು, ನಂಬರ್ ಪ್ಲೇಟು ಎಲ್ಲವನ್ನೂ ಕತ್ತೆಯಂತೆಯೇ ಬಿಗಿದಳು. ಕಡಿಮೆ ಬಿದ್ದ ನಟ್ಟುಗಳಿಗೆ ಬ್ಯಾಗಿನಲ್ಲಿದ್ದ ಮಾತ್ರೆ ಡಬ್ಬಿ ತೆರೆದಳು. ಕಣ್ಣೀರು ಒರೆಸಿಕೊಂಡ ಕೈಯ ಗ್ರೀಸು ಕೆನ್ನೆಗೆ ಹತ್ತಿತು. ಅಷ್ಟರಲ್ಲಿ ಅವಳ ಸರದಿ ಬಂತು.

ಎಂಟು ಹಾಕಿದಳು. ಒಂದೂ ಉದುರಲಿಲ್ಲ. ಇನ್‌ಸ್ಪೆಕ್ಟರು ನಂಬದೆ ನಂಬರ್ ಪ್ಲೇಟನ್ನು ಹಿಡಿದು ಎಳೆದು ನೋಡಿದರು.

“ಪರವಾಗಿಲ್ವೇ! ಈ ಸಲ ಯಾರು ತಾಯಿ ಬಿಗಿ ಮಾಡಿದ್ದು?”

ಗಂಡ ಎರಡು ಹೆಜ್ಜೆ ಆಚೆ, ಕೈಗಳನ್ನು ಜೇಬಿಗೆ ಇಳಿಬಿಟ್ಟು ನಿಂತಿದ್ದ.

“ಇನ್ಯಾರು ಸಾರ್, ನಮ್ಮ ಯಜಮಾನರೇ,” ಎಂದಳು.

ಕಾಗದಕ್ಕೆ ಮೊಹರು ಬಿತ್ತು. ಹೊರಗೆ ಬಂದು ಬೈಕ್ ಸ್ಟಾರ್ಟ್ ಮಾಡಿದವಳು ತಿರುಗಿ ನೋಡದೆಯೇ ಶುರುಮಾಡಿದಳು. “ಈಗ ಸೀದಾ ಡಾಕ್ಟರ್ ಹತ್ರ. ಬೇಡ ಅಂತ ಉಸಿರೆತ್ತಿದ್ರೆ ನೋಡಿ. ಹತ್ತಿ, ಹಿಡ್ಕೊಳ್ಳಿ.”

ಅವನು ಹತ್ತಿ ಕೂತು, ಮೊಣಕಾಲನ್ನು ಸೈಡ್ ಪ್ಯಾನೆಲ್‌ಗೆ ಒತ್ತಿದ.

“ಅದನ್ನಲ್ಲ ರೀ. ನನ್ನನ್ನ.”

ಎರಡು ಕೈಗಳು ಅವಳ ಸೊಂಟದ ಸುತ್ತ ಬಂದವು. ಹಿಡಿದಿದ್ದಾನೋ ಸುಮ್ಮನೆ ಇಟ್ಟಿದ್ದಾನೋ ಅವಳಿಗೆ ತಿಳಿಯಲಿಲ್ಲ. ದಾರಿಯುದ್ದಕ್ಕೂ ಬೈಯುತ್ತಲೇ, ಗುಂಡಿ ಕಂಡಲ್ಲೆಲ್ಲ ನಿಧಾನ ಮಾಡುತ್ತ ಹೋದಳು.