ವೆನ್ಸೆಲನ ಸೋರೆಬುರುಡೆ

ಮೂಗು ಒರೆಸಿಕೊಳ್ಳಲು ಕಾಗದ ಹುಡುಕುತ್ತ ಕೊರ್ನೇಲ್ ವ್ಯಾನಿನ ಮುಂದಿನ ಖಾನೆಗೆ ಕೈ ಹಾಕಿದಾಗ ಸಿಕ್ಕಿದ್ದು ಹೆಬ್ಬೆರಳುದ್ದದ ಒಂದು ಸೀಸೆ. ನೋಡಲು ಕೆಮ್ಮಿನ ಔಷಧಿಯದರಂತಿತ್ತು. ತಳದಲ್ಲಿ ಮಾತ್ರ ಜೇನಿಗಿಂತ ಮಂದವಾದ, ಚಿನ್ನದ ಬಣ್ಣದ ರಸ. ಮೈಮೇಲೆ ಒಂದು ಚೀಟಿ: ‘ಎ. ಭಾನುವಾರಕ್ಕೆ.’

ಬರಹ ಯಾರದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಕ್ಷರಗಳೆಲ್ಲ ಬರೆದವನ ಮೂಗಿನ ಹಾಗೇ ಮುಂದಕ್ಕೆ ಬಾಗಿದ್ದವು. ಆ ಮೂಗು ಮಾದ್ ಊರಿನಲ್ಲಿ ವೈನಿನ ನೆಲಮಾಳಿಗೆ ನಡೆಸುವ ವೆನ್ಸೆಲನದು. ಶಾಲೆಯಲ್ಲಿ ಕೊರ್ನೇಲನ ಪಕ್ಕದಲ್ಲೇ ಕೂತಿದ್ದವನು. ಹದಿನೇಳನೆಯ ವಯಸ್ಸಿನಲ್ಲಿ, ದ್ರಾಕ್ಷಿ ಕೊಯ್ಲಿನ ಕುಣಿತದಲ್ಲಿ, ಎಟೆಲ್ಕಾಳ ಜೊತೆ ಮೂರು ಹಾಡು ಕುಣಿದವನು. ಆ ಮೂರೂ ಹಾಡುಗಳನ್ನು ಕೊರ್ನೇಲ್ ಇವತ್ತಿಗೂ ಸಾಲು ಬಿಡದೆ ಒಪ್ಪಿಸಬಲ್ಲ, ಹಲ್ಲು ಕಡಿಯುತ್ತ.

ಎ ಅಂದರೆ ಎಟೆಲ್ಕಾ. ಎಟೆಲ್ಕಾ ಅಂದರೆ ಅವನ ಹೆಂಡತಿ. ಭಾನುವಾರ ಅಂದರೆ ಬೆಳಿಗ್ಗೆ ಎರಡು ಗಂಟೆ ಕಾಲ ಅವನು ಚರ್ಚಿನಲ್ಲಿ ಹಾಡಲು ಹೋಗಿರುವ ದಿನ. ಅವನು ಅಲ್ಲಿ ದೇವರಿಗೆ ಹಾಡುವಾಗ ಇಲ್ಲಿ ತಾಳ ಹಾಕುತ್ತಿರುವವರು ಯಾರು?

ಮುಚ್ಚಳ ತೆಗೆದು ಮೂಸಿದ. ಏನೂ ಇಲ್ಲ.

ಇರುವಂತೆಯೂ ಇರಲಿಲ್ಲ. ಹತ್ತು ತಿಂಗಳ ಹಿಂದೆ, ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ವಾಸನೆ ತಿಳಿಯುವ ಅವನ ಶಕ್ತಿಯನ್ನೂ ಕರೆದುಕೊಂಡು ಹೋಗಿತ್ತು. ಮೂಗು ಮುಖದ ಮೇಲೇ ಇತ್ತು, ಅಂಗಡಿ ಮುಚ್ಚಿದ ಮೇಲೂ ಉಳಿದ ಬೋರ್ಡಿನ ಹಾಗೆ. ನಾಲಿಗೆಗೆ ಸಿಹಿ ಹುಳಿ ಉಪ್ಪು ಕಹಿ ತಿಳಿಯುತ್ತಿತ್ತು, ಅಷ್ಟೇ. ಟೊಕಾಯ್ ಸೀಮೆಯ ಸಿಹಿ ವೈನಿನ ತೋಟಗಳಿಗೆ ಜನರನ್ನು ಕರೆದೊಯ್ದು, ಯಾವ ಗ್ಲಾಸಿನೊಳಗೆ ಏನೇನು ಅಡಗಿದೆಯೆಂದು ಮೂಸಿ ಹೇಳುವುದು ಹದಿನೇಳು ವರ್ಷದಿಂದ ಅವನ ಕಸುಬು. ಮೂಗಿಲ್ಲದ ಮಾರ್ಗದರ್ಶಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವನು ಯಾರಿಗೂ ಹೇಳಲಿಲ್ಲ, ಎಟೆಲ್ಕಾಳಿಗೂ. ಅವಳಿಗೆ ಅಂತೂ ಹೇಳಲೇ ಇಲ್ಲ. ಊರಿನವರ ಧ್ವನಿಯನ್ನೆಲ್ಲ ಅಣಕಿಸಿ ಜನರನ್ನು ನಗಿಸುತ್ತಿದ್ದವನು ಈಗ ತನ್ನನ್ನೇ ಅಣಕಿಸುತ್ತ, ಹೋದ ವರ್ಷದ ಕೊರ್ನೇಲ್ ಹೇಗೆ ಮೂಸುತ್ತಿದ್ದನೋ ಹಾಗೇ ಮೂಸುತ್ತ, ಬಂದವರ ಮೂಗಿಗೆಲ್ಲ ತುಪ್ಪ ಸವರಿಕೊಂಡು ದಿನ ದೂಡುತ್ತಿದ್ದ.

“ಯಾಕೋ ಮುಖ ಹುಳಿ ಮಾಡ್ಕೊಂಡಿದ್ದೀಯ?” ಎಂದು ಕೇಳುತ್ತ ಎಟೆಲ್ಕಾ ಸ್ಟಿಯರಿಂಗ್ ಮುಂದೆ ಕೂತಳು. ವ್ಯಾನು ಓಡಿಸುವವಳು ಅವಳು. ಹಾಗಾಗಿ ಪ್ರವಾಸದ ದಿನ ಅವಳ ತುಟಿಗೆ ಒಂದು ಹನಿಯೂ ತಾಗುವಂತಿಲ್ಲ, ಪೊಲೀಸರು ಬಿಡುವುದಿಲ್ಲ.

“ಹೊಟ್ಟೆ ಉರಿ” ಎಂದ, ಸೀಸೆಯನ್ನು ಖಾನೆಗೆ ತಳ್ಳಿ.

“ಬೆಳಿಗ್ಗೆ ಬೆಳಿಗ್ಗೆ ಅಷ್ಟು ಸಾಸೇಜ್ ತಿನ್ಬೇಡ ಅಂದ್ರೆ ಕೇಳಲ್ಲ. ಮಾತ್ರೆ ಕೊಡ್ಲಾ?”

“ಮಾತ್ರೆಗೆ ಹೋಗೋ ಉರಿ ಅಲ್ಲ ಇದು.”

ಅಂದಿನ ಅತಿಥಿಗಳು ಡೆಬ್ರೆಟ್ಸೆನ್‌ನಿಂದ ಬಂದ ಏಳು ಜನ ಹಲ್ಲಿನ ಡಾಕ್ಟರುಗಳು. ಗುಂಪಿನ ಹಿರಿಯಳು ಗಿಜೆಲ್ಲಾ ಎಂಬ ಅರವತ್ತರ ಹೆಂಗಸು. ಗಂಟಲು ನೋವೆಂದು ಕತ್ತಿಗೆ ಉಣ್ಣೆಯ ಶಾಲು ಸುತ್ತಿಕೊಂಡು, ಫ್ಲಾಸ್ಕಿನಿಂದ ಜೇನು, ನಿಂಬೆ ಹಾಕಿದ ಚಹಾ ಗುಟುಕರಿಸುತ್ತ ಹತ್ತಿದಳು.

“ಸಿಹಿ ಕುಡಿಯೋಕೆ ಹಲ್ಲಿನ ಡಾಕ್ಟರುಗಳೇ ಬಂದ್ರಾ?” ಎಂದ ಕೊರ್ನೇಲ್. “ಮರ ಬೆಳೆಯತ್ತಾ ಅಂತ ಬಡಗಿ ಬಂದು ನೀರು ಹಾಕಿ ನೋಡಿದ ಹಾಗಾಯ್ತು.”

ಎಲ್ಲರೂ ನಕ್ಕರು. ಎಟೆಲ್ಕಾಳೂ ನಕ್ಕಳು, ಆದರೆ ಅತಿಥಿಗಳಿಗಾಗಿ ನಗುವ ನಗು ಅದು. ಅವಳ ನಿಜವಾದ ನಗುವಿನ ಕೊನೆಗೆ ಒಂದು ಸಣ್ಣ ಬಿಕ್ಕಳಿಕೆ ಬರುತ್ತದೆ. ಅದನ್ನು ಅವನು ಕೇಳಿ ತುಂಬ ದಿನವಾಗಿತ್ತು.

ಬೊದ್ರೊಗ್ ನದಿಯ ಮಂಜು ಇನ್ನೂ ತೋಟಗಳ ಮೇಲೆ ಮಲಗಿತ್ತು. ಸಾಲುಗಳಲ್ಲಿ ಹೆಂಗಸರು ಬಾಗಿ, ಗೊಂಚಲಿನೊಳಗಿಂದ ಸಿಹಿ ವೈನಿಗೆ ಬೇಕಾದ, ಬೂಷ್ಟು ಹಿಡಿದು ಸುಕ್ಕಾದ ದ್ರಾಕ್ಷಿಯನ್ನಷ್ಟೇ ಒಂದೊಂದಾಗಿ ಆರಿಸುತ್ತಿದ್ದರು. ಮೊದಲ ತೋಟದ ಒಡತಿ ಬೊರ್ಬಾಲಾ ನೇನಿ ಎಂಬ ಎಂಬತ್ತರ ಮುದುಕಿ. ಅವಳು ಆಚೆ ತಿರುಗಿದ್ದೇ ತಡ ಕೊರ್ನೇಲ್ ಅವಳ ಧ್ವನಿ ತೆಗೆದ: “ಕೊಳೀಈಬೇಕು ಮಕ್ಕಳಾಆ, ಚೆನ್ನಾಆಗಿ ಕೊಳೀಬೇಕು. ನಮ್ಮ ಯಜಮಾಆನ್ರು ಕೊಳೀದೇನೇ ಹೋಗ್ಬಿಟ್ರು, ಅದಕ್ಕೇ ಅವ್ರಲ್ಲಿ ಸಿಹೀನೇ ಇರ್ಲಿಲ್ಲಾಆ!”

“ಕೇಳಿಸ್ತು ಕಣೋ ಮುಂಡೇದೇ,” ಎಂದಳು ಮುದುಕಿ ತಿರುಗಿ ನೋಡದೆ, “ನಿನ್ನ ಗ್ಲಾಸಿಗೆ ಇವತ್ತು ಅರ್ಧಾಆನೇ.”

ಡಾಕ್ಟರುಗಳು ಹೊಟ್ಟೆ ಹಿಡಿದುಕೊಂಡರು. ಕೊರ್ನೇಲ್ ಗ್ಲಾಸಿನೊಳಗೆ ಮೂಗಿಳಿಸಿ, ಏಪ್ರಿಕಾಟ್, ಅಕ್ರೋಟು, ಜೇನುಮೇಣ ಎಂದು ಹಳೆಯ ಪಾಠ ಒಪ್ಪಿಸಿದ. ಎಲ್ಲರೂ ಹೌದೌದೆಂದು ತಲೆದೂಗಿದರು. ಎರಡನೆಯ ತೋಟದಲ್ಲೂ ಅದೇ ಆಯಿತು. ಮಧ್ಯಾಹ್ನ ಮಾದ್ ತಲುಪುವ ಹೊತ್ತಿಗೆ ಡಾಕ್ಟರುಗಳಿಗೆ ಮದವೇರಿತ್ತು, ಕೊರ್ನೇಲನಿಗೆ ಮತ್ಸರವೇರಿತ್ತು.

ವೆನ್ಸೆಲ್ ನೆಲಮಾಳಿಗೆಯ ಬಾಗಿಲಲ್ಲಿ ನಿಂತಿದ್ದ. ಮೊದಲು ಬಂದದ್ದು ಮೂಗು, ಅದರ ಹಿಂದೆ ನಗು.

“ಬಾರೋ ಕೊರ್ನಿ. ಎಟುಷ್, ಕೈ ಕೊಡು, ಮೆಟ್ಟಿಲು ಜಾರತ್ತೆ.”

ಎಟುಷ್! ತೀರಿಹೋದ ಅವಳ ತಾಯಿ ಬಿಟ್ಟರೆ ಆ ಹೆಸರಿಟ್ಟು ಕರೆಯುವವನು ಇವನೊಬ್ಬನೇ. ಮೆಟ್ಟಿಲು ಕೊರ್ನೇಲನಿಗೂ ಜಾರಿತು. ಅವನಿಗೆ ಯಾರೂ ಕೈ ಕೊಡಲಿಲ್ಲ.

ಕೆಳಗೆ ಗೋಡೆಗಳಿಗೆಲ್ಲ ಕರಿ ಕುರಿಯ ತುಪ್ಪಟದಂಥ ಬೂಷ್ಟು. ಪೀಪಾಯಿಗಳ ಸಾಲಿನ ಕೊನೆಯಲ್ಲಿ ವೆನ್ಸೆಲ್ ಎಟೆಲ್ಕಾಳತ್ತ ಬಾಗಿ ಮೆಲ್ಲಗೆ ಕೇಳಿದ್ದು ಕೊರ್ನೇಲನಿಗೆ ಕೇಳಿಸಿಯೇಬಿಟ್ಟಿತು. ಹೋಗಿದ್ದದ್ದು ಅವನ ಮೂಗು, ಕಿವಿಯಲ್ಲ.

“ಬಂತಾ?”

“ಇನ್ನೂ ಇಲ್ಲ” ಎಂದಳು ಎಟೆಲ್ಕಾ.

“ಬರತ್ತೆ. ನೀನು ಹಾಕ್ತಾ ಇರು.” ಆಮೇಲೆ ಏನೋ ಪಿಸುಗುಟ್ಟಿದ. ಅವಳು ನಕ್ಕಳು. ನಗುವಿನ ಕೊನೆಗೆ ಬಿಕ್ಕಳಿಕೆ.

ಏನು ಬರಬೇಕು? ಧೈರ್ಯ ಬರಬೇಕೇ? ವಕೀಲರ ಕಾಗದ ಬರಬೇಕೇ? ಆ ಬಿಕ್ಕಳಿಕೆ ಕೊರ್ನೇಲನ ಹೊಟ್ಟೆಯ ಕಿಚ್ಚಿಗೆ ನೇರವಾಗಿ ಎಣ್ಣೆಯಾಗಿ ಸುರಿಯಿತು. ಅವನು ಡಾಕ್ಟರುಗಳ ನಡುವೆ ಹೋಗಿ ನಿಂತ.

ವೆನ್ಸೆಲ್ ಪೀಪಾಯಿಯಿಂದ ವೈನು ತೆಗೆಯುತ್ತಿದ್ದ. ಈ ಕೆಲಸಕ್ಕೆ ಎಲ್ಲರೂ ಬಳಸುವುದು ಗಾಜಿನ ಕೊಳವೆ. ಅವನು ಮಾತ್ರ ಅಜ್ಜನ ಕಾಲದ, ಉದ್ದ ಕತ್ತಿನ ಒಣಗಿದ ಸೋರೆಬುರುಡೆಯನ್ನೇ ಬಳಸುತ್ತಾನೆ. ತೂತಿಗೆ ಇಳಿಸಿ, ತುದಿಗೆ ಬಾಯಿಟ್ಟು ಎಳೆದರೆ ಬುರುಡೆ ತುಂಬುತ್ತದೆ. ಗಾಜಾಗಲಿ ಬುರುಡೆಯಾಗಲಿ, ಆ ಸಾಧನಕ್ಕೆ ಇಲ್ಲಿಯವರು ಹೇಳುವುದು ‘ಕಳ್ಳ’ ಎಂದು.

ಕೊರ್ನೇಲ್ ವೆನ್ಸೆಲನ ಹಾಗೇ ಕತ್ತು ಮುಂದಕ್ಕೆ ಚಾಚಿ, ಎರಡು ಮಾತಿಗೊಮ್ಮೆ ಮೂಗೆಳೆಯುತ್ತ ಶುರುಮಾಡಿದ: “ಅಂದ್ರೆ ಹೇಗಪ್ಪಾ ಅಂದ್ರೆ, ಸ್ಸ್ಹ್, ನಮ್ಮ ವಂಶದಲ್ಲಿ ಮೂಗು ಮೊದ್ಲು ಹುಟ್ಟತ್ತೆ, ಸ್ಸ್ಹ್, ಆಮೇಲೆ ನಾಲ್ಕು ದಿನ ಬಿಟ್ಟು ನಾವು!”

ಗಹಗಹ. ವೆನ್ಸೆಲನೂ ನಕ್ಕ. ಎಟೆಲ್ಕಾ ನಗಲಿಲ್ಲ. ಅದನ್ನು ಕಂಡು ಕೊರ್ನೇಲ್ ಇನ್ನೊಂದು ಹೆಜ್ಜೆ ಮುಂದಿಟ್ಟ.

“ನೋಡಿ ಡಾಕ್ಟ್ರಮ್ಮ, ಇವನ ಕೈಯಲ್ಲಿರೋದೂ ಬುರುಡೆ, ಬಾಯಲ್ಲಿರೋದೂ ಬುರುಡೆ. ಹುಷಾರು. ಈ ಕಳ್ಳ ಪೀಪಾಯಿಗೆ ಮಾತ್ರ ಬಾಯಿ ಹಾಕ್ತಾನೆ ಅಂತ ತಿಳ್ಕೋಬೇಡಿ. ಬೇರೆಯವರ ಮನೇದಕ್ಕೂ ಹಾಕ್ತಾನೆ.”

ನಗು ಅರ್ಧಕ್ಕೆ ನಿಂತಿತು. ವೆನ್ಸೆಲ್ ಸೋರೆಬುರುಡೆಯ ತುದಿಯಿಂದ ಬೆರಳು ಸಡಿಲಿಸಿ ಗ್ಲಾಸುಗಳಿಗೆ ವೈನು ಬಿಡುತ್ತ ಹೋದ. ಗಿಜೆಲ್ಲಾ ಡಾಕ್ಟ್ರಮ್ಮ ಗಂಟಲು ಸರಿಮಾಡಿಕೊಂಡು ಒಂದು ಗ್ಲಾಸನ್ನು ಕೊರ್ನೇಲನ ಕೈಗಿಟ್ಟಳು.

“ಜಗಳ ಬೇಡ್ರಪ್ಪ. ನೀವು ಇದನ್ನ ಮೂಸಿ ಹೇಳಿ. ಬೆಳಿಗ್ಗೆಯಿಂದ ಕೇಳ್ತಿದ್ದೀವಿ, ನಿಮ್ಮ ಮೂಗಿಗೆ ನಾವು ಮರುಳಾಗಿದ್ದೀವಿ.”

ಅಂಬರ್ ಬಣ್ಣ, ತಿಳಿಯಾಗಿತ್ತು. ಕೊರ್ನೇಲ್ ಗ್ಲಾಸು ಆಡಿಸಿದ, ಮೂಗಿಳಿಸಿದ. ವೆನ್ಸೆಲ್ ನೋಡುತ್ತಿದ್ದಾನೆ, ಎಟೆಲ್ಕಾ ನೋಡುತ್ತಿದ್ದಾಳೆ. ಇವತ್ತು ಎಂದಿಗಿಂತ ಚೆನ್ನಾಗಿ ಆಗಬೇಕು.

“ಆಹಾ... ಮೊದಲು ಒಣಗಿದ ಏಪ್ರಿಕಾಟ್. ಅದರ ಹಿಂದೆ ಕಿತ್ತಳೆ ಸಿಪ್ಪೆ, ನಾಚ್ಕೊಂಡು. ಆಮೇಲೆ ನಿಧಾನವಾಗಿ ಬೂಷ್ಟಿನ ಆ ಒದ್ದೆ ಪರಿಮಳ, ಮಂಜು ಬಿದ್ದ ಬೆಳಿಗ್ಗೆ ಹಳೇ ಪುಸ್ತಕ ತೆರೆದ ಹಾಗೆ. ಆರು ವರ್ಷ ಪೀಪಾಯೀಲಿ ಮಲಗಿದೆ ಇದು. ಇಲ್ಲ, ಏಳು!”

ಯಾರೋ ಕಿಸಕ್ಕೆಂದರು. ಅವನು ಗುಟುಕರಿಸಿದ. ನಾಲಿಗೆಗೆ ಸಿಹಿ ತಾಗಿತು, ಒಂದಿಷ್ಟು ಒಗರು, ಒಂದಿಷ್ಟು ಹುಳಿ. ಮದ್ಯದ ಉರಿ ಮಾತ್ರ ಇಲ್ಲ.

ಚಹಾ. ಡಾಕ್ಟ್ರಮ್ಮನ ಫ್ಲಾಸ್ಕಿನ, ತಣ್ಣಗಾದ ಚಹಾ.

ನೆಲಮಾಳಿಗೆಯೇ ನಗುವಿಗೆ ನಡುಗಿತು. “ಏಳು ವರ್ಷ!” ಎಂದು ಒಬ್ಬ ಡಾಕ್ಟರು ಪೀಪಾಯಿ ತಟ್ಟಿದ. “ಬೆಳಿಗ್ಗೆ ಏಳಕ್ಕೆ ಕುದಿಸಿದ್ದು ಗಿಜೆಲ್ಲಾ!” ಕೊರ್ನೇಲನ ಹದಿನೇಳು ವರ್ಷದ ಹೆಸರು ಒಂದು ಗುಟುಕು ಚಹಾದಲ್ಲಿ ಮುಳುಗುತ್ತಿತ್ತು. ಬಾಯಿ ತೆರೆದರೆ ಯಾರ ಧ್ವನಿಯೂ ಬರಲಿಲ್ಲ, ಅವನದೂ ಸೇರಿ.

“ಅಂದ್ರೆ ಹೇಗಪ್ಪಾ ಅಂದ್ರೆ,” ಎಂದ ವೆನ್ಸೆಲ್, ಬೇಕೆಂದೇ ಮೂಗೆಳೆದು, “ಸ್ಸ್ಹ್, ಡಾಕ್ಟ್ರಮ್ಮ, ನೀವು ಮೋಸಹೋದ್ರಿ. ನಮ್ಮ ಕೊರ್ನಿಗೆ ಗ್ಲಾಸು ಕೈಗೆ ಬಂದಾಗ್ಲೇ ಗೊತ್ತು ಅದು ಚಹಾ ಅಂತ. ಇವನು ಮನುಷ್ಯರನ್ನ ಅಣಕಿಸ್ತಾನೆ, ನನ್ನನ್ನ ಅಣಕಿಸ್ತಾನೆ, ಈಗ ನೋಡಿ, ನಿಮ್ಮ ಚಹಾನ ಹಿಡ್ಕೊಂಡು ವೈನನ್ನೇ ಅಣಕಿಸಿಬಿಟ್ಟ!”

ಚಪ್ಪಾಳೆ ಬಿತ್ತು. ಗಿಜೆಲ್ಲಾ ಡಾಕ್ಟ್ರಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು, “ಅಯ್ಯೋ, ನಾವೇ ಪೆದ್ದರು!” ಎಂದಳು. ಕೊರ್ನೇಲ್ ಬಾಗಿ ನಮಸ್ಕರಿಸಿದ. ತಲೆ ಎತ್ತುವಾಗ ಒಂದು ಮಾತು ಹೊಳೆಯಿತು: ಕಾಪಾಡಿದವನಿಗೆ ಗೊತ್ತಿದೆ. ಗೊತ್ತಿದ್ದದ್ದರಿಂದಲೇ ಕಾಪಾಡಿದ. ಹಾಗಾದರೆ ಅವಳಿಗೂ ಗೊತ್ತಿದೆ, ಅವಳೇ ಇವನಿಗೆ ಹೇಳಿದ್ದಾಳೆ. ಕೈ ಹಿಡಿದು ಮೆಟ್ಟಿಲಿಳಿಸಿದ್ದು ಇದರ ಮುಂದೆ ಏನೂ ಅಲ್ಲ.

ಸಂಜೆ ಡಾಕ್ಟರುಗಳನ್ನು ಹೋಟೆಲಿನಲ್ಲಿ ಇಳಿಸಿದ ಮೇಲೆ ಅವನು ಖಾನೆಯಿಂದ ಸೀಸೆ ತೆಗೆದು ಎಟೆಲ್ಕಾಳ ಮುಂದಿಟ್ಟ.

“ಎ ಯಾರು?”

“ಎಸೆಂಟ್ಸಿಯಾ” ಎಂದಳು. ಬೂಷ್ಟು ದ್ರಾಕ್ಷಿಯ ರಾಶಿಯಿಂದ, ಹಿಂಡದೆ, ತಾನಾಗಿ ತೊಟ್ಟಿಕ್ಕುವ ರಸದ ಹೆಸರು ಅದು. ಚಮಚದಲ್ಲಿ ಮಾತ್ರ ಕೊಡುವಂಥದು. “ಯಾಕೆ, ನೀನು ಏನಂದ್ಕೊಂಡೆ?”

“ನನ್ನ ಮೂಗಿನ ವಿಷಯ ಅವನಿಗೆ ನೀನೇ ಹೇಳಿದ್ದು.”

ಎಟೆಲ್ಕಾ ಎಂಜಿನ್ ಆರಿಸಿದಳು.

“ನೀನು ನಂಗೇ ಹೇಳಿಲ್ವಲ್ಲೋ. ನಾನು ಅವನಿಗೆ ಎಲ್ಲಿಂದ ಹೇಳ್ಲಿ? ಅವನೇ ನಂಗೆ ಹೇಳಿದ್ದು, ಜುಲೈನಲ್ಲಿ. ‘ಎಟುಷ್, ಕೊರ್ನಿ ಮೊದ್ಲು ಕಣ್ಣು ಮುಚ್ಕೊಂಡು ಮೂಸ್ತಿದ್ದ, ಈಗ ಕಣ್ಣು ಬಿಟ್ಕೊಂಡು ಮೂಸ್ತಾನೆ’ ಅಂದ. ಈ ಎಸೆಂಟ್ಸಿಯಾಕ್ಕಿಂತ ಜೋರು ವಾಸನೆ ನನ್ನ ನೆಲಮಾಳಿಗೇಲಿ ಇಲ್ಲ, ವಾರಕ್ಕೊಂದ್ಸಲ ತಿನ್ನಿಸಿ ನೋಡು, ಬಂದ್ರೂ ಬರತ್ತೆ ಅಂದ. ಪ್ರತಿ ಭಾನುವಾರ ನೀನು ಹಾಡು ಮುಗಿಸಿ ಬರೋ ಹೊತ್ತಿಗೆ ನಿನ್ನ ಪಲಚಿಂತಾ ದೋಸೆ ಮೇಲೆ ಒಂದು ಚಮಚ ಹಾಕ್ತಿದ್ದೆ. ಇವತ್ತು ಹೇಳ್ತಾನೆ, ಇವತ್ತು ಹೇಳ್ತಾನೆ ಅಂತ ಕಾಯ್ತಿದ್ದೆ. ನೀನು ಜ್ಯಾಮ್‌ಗೆ ಸಕ್ಕರೆ ಜಾಸ್ತಿ ಆಯ್ತು ಅಂದೆ.”

ಕೊರ್ನೇಲ್ ಗಾಜಿನಾಚೆ ನೋಡಿದ. ಇಷ್ಟು ದಿನ ವೆನ್ಸೆಲ್ ನೋಡುತ್ತಿದ್ದದ್ದು ಅವಳನ್ನಲ್ಲ, ತನ್ನನ್ನು.

“ಹೊಟ್ಟೆ ಉರಿ ನಿನಗೊಬ್ಬನಿಗೇ ಅಂದ್ಕೋಬೇಡ,” ಎಂದಳು ಎಟೆಲ್ಕಾ. ಧ್ವನಿ ಒಡೆದಿತ್ತು. “ಇಪ್ಪತ್ತಾರು ವರ್ಷ ಪಕ್ಕದಲ್ಲಿ ಕೂತಿರೋಳು ನಾನು. ನಿನ್ನ ಕಣ್ಣು ತೆರೆದಿದ್ದು ಅವನಿಗೆ ಕಾಣಿಸ್ತು, ನಂಗೆ ಕಾಣಿಸ್ಲಿಲ್ಲ. ಅವನನ್ನ ಕಂಡ್ರೆ ನಂಗೆಷ್ಟು ಉರೀತು ಗೊತ್ತಾ? ಇವತ್ತು ನೀನು ಅಲ್ಲಿ ಅವನನ್ನ ಕಳ್ಳ ಅಂದೆ, ಬುರುಡೆ ಅಂದೆ. ಬುರುಡೆ ಅವನ ಕೈಯಲ್ಲಿ ಮಾತ್ರ ಇತ್ತು, ಕೊರ್ನಿ.”

ಕೊರ್ನೇಲ್ ಸೀಸೆಯನ್ನು ಮತ್ತೆ ಕೈಗೆತ್ತಿಕೊಂಡ. ಮನೆ ಬರುವವರೆಗೂ ಸೀಸೆ ಅವನ ಮುಷ್ಟಿಯಲ್ಲೇ ಇತ್ತು.

ಮರುದಿನ, ಭಾನುವಾರ, ಅವನು ಹಾಡಲು ಹೋಗಲಿಲ್ಲ. ಎಟೆಲ್ಕಾ ಹಂಚಿನ ಮುಂದೆ ನಿಂತು ತೆಳ್ಳಗೆ ಹಿಟ್ಟು ಹರಡಿ, ಮಗುಚಿ, ಜ್ಯಾಮ್ ಸವರಿ ಸುರುಳಿ ಸುತ್ತಿ ತಂದಿಟ್ಟಳು. ಹೆಸರಿನಲ್ಲೇ ಚಿಂತೆ ಇಟ್ಟುಕೊಂಡ ಆ ತಿಂಡಿಯ ಮೇಲೆ ಕೊರ್ನೇಲ್ ತಾನೇ ಸೀಸೆ ಬಗ್ಗಿಸಿದ. ರಸ ಇಳಿಯಲು ಬಹಳ ಹೊತ್ತು ತೆಗೆದುಕೊಂಡಿತು. ಅವನು ತಟ್ಟೆಯ ಮೇಲೆ ಬಾಗಿ ಕಣ್ಣು ಮುಚ್ಚಿದ.

“ಬಂತಾ?”

“ಇಲ್ಲ” ಎಂದ.

ಹತ್ತು ತಿಂಗಳಲ್ಲಿ ಅವನು ಮೂಗಿನ ಬಗ್ಗೆ ಆಡಿದ ಮೊದಲ ನಿಜ ಅದು. ಎಟೆಲ್ಕಾ ಕುರ್ಚಿ ಎಳೆದು ಪಕ್ಕಕ್ಕೆ ಕೂತು, ಅವನ ತಟ್ಟೆಯ ಮೇಲೆ ತಾನೂ ಬಾಗಿದಳು.

“ಏನೇನಿದೆ ಹೇಳು” ಎಂದ, ಕಣ್ಣು ತೆರೆಯದೆ.

“ನಿನ್ನ ಹಾಗೆ ಏಪ್ರಿಕಾಟು ಗೀಪ್ರಿಕಾಟು ಹೇಳೋಕೆ ನಂಗೆ ಬರಲ್ಲಪ್ಪ.” ಇನ್ನೊಮ್ಮೆ ಮೂಸಿದಳು. “ನಿಮ್ಮಮ್ಮನ ಕಪಾಟಿದೆ. ಕ್ರಿಸ್ಮಸ್ ಬಟ್ಟೆ ಇಡ್ತಿದ್ರಲ್ಲ, ಅದು. ಸುಟ್ಟ ಸಕ್ಕರೆ. ಆಮೇಲೆ... ಮದುವೆ ದಿನ ನೀನು ಬಳ್ಕೊಂಡು ಬಂದಿದ್ಯಲ್ಲ, ಆ ದರಿದ್ರ ಸೆಂಟು.”

“ಅದು ಒಳ್ಳೇ ಸೆಂಟು.”

“ಪಾದ್ರಿ ಸೀನಿದ್ರು ಕಣೋ.”

ಕೊರ್ನೇಲ್ ಒಂದು ತುಂಡು ಬಾಯಿಗಿಟ್ಟುಕೊಂಡ. ಬರೀ ಸಿಹಿ. ಆದರೂ ಈ ಸಲ ಅಗಿಯುವಾಗ ಅಮ್ಮನ ಕಪಾಟಿನ ಬಾಗಿಲು ಕಿರ್ರೆಂದದ್ದು ಕೇಳಿಸಿದ ಹಾಗಾಯಿತು.

“ಮಂಗಳವಾರ ಇನ್ನೊಂದು ಗುಂಪು ಬರ್ತಿದೆ,” ಎಂದ. “ನೀನು ಮೂಸು, ನಾನು ಮಾತಾಡ್ತೀನಿ. ಮೂಗು ಇವಳದು, ಬಾಯಿ ನನ್ನದು ಅಂತ ಮೊದಲೇ ಹೇಳಿಬಿಡ್ತೀನಿ.”

“ಸೆಂಟಿನ ಕಥೇನೂ ಹೇಳ್ತೀಯಾ?”

“ಹೇಳ್ತೀನಿ.” ಅವನು ಖಾಲಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ. ತುಂಬಿಸಿಕೊಡು ಎಂದು ಕೇಳಲು ಈ ಸಲ ತಾನೇ ಹೋಗಬೇಕು. ಹೋಗಿ, ಕಳ್ಳ ಎಂದದ್ದಕ್ಕೆ ಏನಾದರೂ ಹೇಳಬೇಕು. ಮುಂದಕ್ಕೆ ಬಾಗಿದ ಆ ಅಕ್ಷರಗಳ ಮೇಲೆ ಉಗುರಾಡಿಸಿದ. “ಆದ್ರೆ ಒಂದು ಮಾತು. ವೆನ್ಸೆಲನ ನೆಲಮಾಳಿಗೇಲಿ ಮಾತ್ರ ಅಷ್ಟು ಹತ್ರ ಬಗ್ಗಿ ಮೂಸಬೇಡ.”

ಎಟೆಲ್ಕಾ ಅವನನ್ನು ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದಳು, ತಡೆಯಲಾಗಲಿಲ್ಲ. ನಗುವಿನ ಕೊನೆಗೆ ಬಿಕ್ಕಳಿಕೆ ಬಂತು.